ವೋಲ್ಟು ಕೊಟ್ಟ ವೇಗ

ಮರದಿಂದ ಕಳಚಿದ ತೆಂಗಿನಕಾಯಿ ನೆಲಕ್ಕೆ ಬೀಳುವ ಸದ್ದನ್ನು ನೀವು ಕೇಳಿದ್ದೀರಿ. ಮರ ಎತ್ತರವಾದಷ್ಟೂ ಪೆಟ್ಟು ಬಲವಾಗಿರುತ್ತದೆ. ಎತ್ತರದಲ್ಲಿ ಅಡಗಿದ್ದ ಶಕ್ತಿಯು ಬೀಳುವಾಗ ಚಲನಶಕ್ತಿಯಾಗಿ ಮಾರ್ಪಡುತ್ತದೆ. ವಿದ್ಯುತ್ತಿನಲ್ಲಿಯೂ ಇಂಥ ಏರುತಗ್ಗುಗಳುಂಟು. ಎರಡು ಬಿಂದುಗಳ ನಡುವಿನ ಆ ಅಂತರವೇ ವಿಭವಾಂತರ. ಅದನ್ನು ವೋಲ್ಟುಗಳಲ್ಲಿ ಅಳೆಯುತ್ತಾರೆ.

ನಿರ್ವಾತ ಕೊಳವೆಯಲ್ಲಿ ಎರಡು ಲೋಹದ ಫಲಕಗಳನ್ನಿರಿಸಿ, ಅವುಗಳ ನಡುವೆ 100 ವೋಲ್ಟುಗಳ ವಿಭವಾಂತರವನ್ನು ಏರ್ಪಡಿಸಿದೆವೆನ್ನೋಣ. ಋಣಫಲಕದ ಬಳಿ ನಿಶ್ಚಲವಾಗಿದ್ದ ಎಲೆಕ್ಟ್ರಾನು ಧನಫಲಕದತ್ತ ಧಾವಿಸುತ್ತದೆ. ಅದರ ವಿದ್ಯುದಾವೇಶವನ್ನು ವಿಭವಾಂತರದಿಂದ ಗುಣಿಸಿದರೆ ಬರುವುದೇ ಅದು ಗಳಿಸುವ ಚಲನಶಕ್ತಿ. ಫಲಕಗಳು ಹತ್ತಿರವಿರಲಿ, ದೂರವಿರಲಿ, ಲೆಕ್ಕ ಬದಲಾಗದು. ಧನಫಲಕದ ಬಳಿಯಿಂದ ಎದುರು ದಿಕ್ಕಿಗೆ ಹೊರಟ ಪ್ರೋಟಾನಿನ ಆವೇಶವೂ ಪ್ರಮಾಣದಲ್ಲಿ ಅಷ್ಟೇ. ಆದುದರಿಂದ ಅದಕ್ಕೆ ದೊರೆಯುವ ಶಕ್ತಿಯೂ ಅಷ್ಟೇ. ವೇಗ ಮಾತ್ರ ಬೇರೆ. ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 5,900 ಕಿ.ಮೀ. ವೇಗದಲ್ಲಿ ಗುರಿಯನ್ನು ಮುಟ್ಟಿದರೆ, ಅದಕ್ಕಿಂತ ಸುಮಾರು 1,836 ಮಡಿ ಹೆಚ್ಚು ದ್ರವ್ಯರಾಶಿಯುಳ್ಳ ಪ್ರೋಟಾನಿನ ವೇಗ ಸುಮಾರು 138 ಕಿ.ಮೀ. ವಿದ್ಯಾರ್ಥಿಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಭಾರವಾದ ಕಾಯಿ ಹೆಚ್ಚು ಪೆಟ್ಟು ಕೊಡುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸೀತು. ಆದರೆ ಇಲ್ಲಿ ತೂಕದ ಪಾತ್ರವನ್ನು ವಹಿಸುವುದು ಆವೇಶ.

ಈ ನಿಯಮವನ್ನು ನೆಚ್ಚಿಯೇ ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಎಂಬ ವಿಜ್ಞಾನಿಗಳು ಪರಮಾಣುವಿನ ಬೀಜಕೇಂದ್ರವನ್ನು ಒಡೆಯಲು ಹೊರಟರು. ಬೀಜಕೇಂದ್ರದ ಆವೇಶವೂ ಧನ, ಪ್ರೋಟಾನಿನದೂ ಧನ. ಸಮೀಪಿಸಿದಷ್ಟೂ ವಿಕರ್ಷಣೆ ಹೆಚ್ಚು. ಆ ತಡೆಯನ್ನು ಏರಿ ದಾಟಲು ಹತ್ತಾರು ಲಕ್ಷ ವೋಲ್ಟುಗಳು ಬೇಕೆಂದು ಭಾವಿಸಲಾಗಿತ್ತು. ಕಣವು ಒಮ್ಮೊಮ್ಮೆ ತಡೆಯ ನೆತ್ತಿಯನ್ನೇರದೆ ತೂರಿಯೇ ಹೋಗಬಲ್ಲುದೆಂಬ ಗ್ಯಾಮೋ ಅವರ 1928ರ ಸಿದ್ಧಾಂತವನ್ನು ಹಿಡಿದು ಕಾಕ್‌ಕ್ರಾಫ್ಟ್ ಲೆಕ್ಕ ಹಾಕಿದರು: ಕೆಲವು ಲಕ್ಷ ವೋಲ್ಟುಗಳೇ ಸಾಕು! ಅವರು ಕಟ್ಟಿದ ಗಾಜಿನ ಕೊಳವೆಯ ಸಂದುಗಳನ್ನು ಮುಚ್ಚಿದ್ದು, ಮಕ್ಕಳು ಬೊಂಬೆ ಮಾಡುವ ಪ್ಲಾಸ್ಟಿಸೀನಿನಿಂದ.

1932ರ ಏಪ್ರಿಲ್ 14ರಂದು ಪ್ರೋಟಾನುಗಳು ಲಿಥಿಯಮ್ಮಿನ ಮೇಲೆ ಎರಗಿದವು. ಕೊಳವೆಯ ಬುಡದ ಪುಟ್ಟ ಗೂಡಿಗೆ ತೆವಳಿ ಹೋದ ವಾಲ್ಟನ್‌ಗೆ ಪರದೆಯ ಮೇಲೆ ಮಿಣುಕುಗಳು ಕಂಡವು. ಗುರುಗಳಾದ ರುದರ್‌ಫರ್ಡ್ ಕೂಡ ಆ ಇಕ್ಕಟ್ಟಿನಲ್ಲಿ ಮೈ ಮುದುರಿ ಕುಳಿತು ನೋಡಿ, ಅವು ಆಲ್ಫಾ ಕಣಗಳೆಂದು ಗುರುತಿಸಿದರು. ಪ್ರೋಟಾನನ್ನು ನುಂಗಿದ ಲಿಥಿಯಮ್ ಬೀಜಕೇಂದ್ರ ಎರಡಾಗಿ ಸೀಳಿತ್ತು. ಆ ಒಂದೊಂದು ಆಲ್ಫಾ ಕಣದ ಆವೇಶ ಪ್ರೋಟಾನಿನ ಎರಡರಷ್ಟು. ಆದರೂ ಅದರ ಚಲನಶಕ್ತಿಯನ್ನು ವಿಭವಾಂತರದಿಂದಲೇ ಕೊಡಬೇಕಾಗಿದ್ದರೆ ಸುಮಾರು 43 ಲಕ್ಷ ವೋಲ್ಟುಗಳು ಬೇಕಾಗುತ್ತಿದ್ದವು. ಅಷ್ಟು ಶಕ್ತಿಯನ್ನು ಒದಗಿಸಿದುದು ಕೊಳವೆಯಲ್ಲ. ಸೀಳುವಾಗ ಕಳೆದುಹೋದ ಅತ್ಯಲ್ಪ ದ್ರವ್ಯರಾಶಿ.