ಬಾಣಂತಿ ಕೋಣೆಯ ವಿಷಗಾಳಿ ಮತ್ತು ಚಿನ್ನದ ಕಣ



ಹೋದ ಮಾಗಿಯಲ್ಲಿ ನಮ್ಮಕ್ಕ ಬಾಣಂತನಕ್ಕೆ ಬಂದಿದ್ದಳು. ಚಳಿಯೆಂದು ಕಿಟಕಿ ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟಿದ್ದೆವು. ಬೆಳಗಿನ ಜಾವ ಅಕ್ಕನಿಗೆ ತಲೆ ಸಿಡಿತ, ವಾಂತಿ. ಮಗು ಮಂಕಾಗಿತ್ತು. ಅಜ್ಜಿ "ದೃಷ್ಟಿ ತಾಗೈತೆ" ಅಂತ ಉಪ್ಪು, ಮೆಣಸಿನಕಾಯಿ ತರಲು ಹೋದರು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಓಡಿಬಂದು ಇಬ್ಬರನ್ನೂ ಜಗುಲಿಗೆ ಕರೆತಂದರು, ಆಮೇಲೆ ಆಸ್ಪತ್ರೆಗೆ ಕಳಿಸಿದರು. ಇಬ್ಬರೂ ಉಳಿದರು.

ಆ ಗಾಳಿಯ ವಿಷ ತೆಗೆಯೋಕೆ ಆಗುತ್ತಾ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಯಾವುದು ಈ ವಿಷ?
ಸಾಕಷ್ಟು ಗಾಳಿ ಸಿಗದೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಆಗ ದೇಹಕ್ಕೆ ಆಮ್ಲಜನಕ ಸಾಲದು. ಇದನ್ನು ಉತ್ಕರ್ಷಿಸಿದರೆ ನಮ್ಮ ಉಸಿರಲ್ಲೂ ಇರುವ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ:

2 ಕಾರ್ಬನ್ ಮಾನಾಕ್ಸೈಡ್ + 1 ಆಮ್ಲಜನಕ → 2 ಕಾರ್ಬನ್ ಡೈಆಕ್ಸೈಡ್

ಆದರೆ ಕೋಣೆಯ ಉಷ್ಣತೆಯಲ್ಲಿ ಈ ಕ್ರಿಯೆ ತಾನಾಗಿ ನಡೆಯದು. ಕ್ರಿಯಾವರ್ಧಕ ಬೇಕು.

ಚಿನ್ನ ಏನು ಮಾಡುತ್ತದೆ?
ಅಜ್ಜಿಯ ಮೂಗುತಿ ಎಷ್ಟು ವರ್ಷವಾದರೂ ಮಾಸಿಲ್ಲ. ಚಿನ್ನ ಸುಲಭಕ್ಕೆ ಯಾವುದರ ಜೊತೆಗೂ ಸೇರುವುದಿಲ್ಲ. ಹಾಗಾಗಿ ಅದು ಒಳ್ಳೆಯ ಕ್ರಿಯಾವರ್ಧಕವಲ್ಲ ಎಂದೇ ಬಹುಕಾಲ ನಂಬಿದ್ದರು. ಜಪಾನಿನ ಒಸಾಕಾದಲ್ಲಿ ಮಸಾತಾಕೆ ಹರುತಾ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡಿನಂಥ ಪುಡಿಗಳ ಮೇಲೆ ಚಿನ್ನದ ಅತಿ ಸಣ್ಣ ಕಣಗಳನ್ನು ಕೂರಿಸಿದರು. ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಮಾನಾಕ್ಸೈಡ್ ಉತ್ಕರ್ಷಣವಾಯಿತು! ಇದನ್ನು ಅವರು 1987ರಲ್ಲಿ ಪ್ರಕಟಿಸಿದರು.

ಗುಟ್ಟು ಗಾತ್ರದಲ್ಲಿದೆ. ಕಣ ಸುಮಾರು 5 ನ್ಯಾನೋಮೀಟರಿಗಿಂತ ಸಣ್ಣದಿರಬೇಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ದೊಡ್ಡ ತುಂಡಿನಲ್ಲಿ ಹೆಚ್ಚಿನ ಪರಮಾಣುಗಳು ಒಳಗೇ ಅಡಗಿರುತ್ತವೆ, ಸಣ್ಣ ಕಣದಲ್ಲಿ ಬಹಳಷ್ಟು ಹೊರಮೈಗೆ ಬರುತ್ತವೆ. ಮಾನಾಕ್ಸೈಡ್ ಚಿನ್ನದ ಮೇಲೆ ಕೂರುತ್ತದೆ. ಚಿನ್ನವೂ ಆಕ್ಸೈಡೂ ಕೂಡುವ ಅಂಚಿನಲ್ಲಿ ಅದಕ್ಕೆ ಆಮ್ಲಜನಕ ಸಿಗುತ್ತದೆ. ಹುಟ್ಟಿದ ಡೈಆಕ್ಸೈಡ್ ಹಾರಿಹೋಗುತ್ತದೆ, ಚಿನ್ನ ಖರ್ಚಾಗುವುದಿಲ್ಲ. ಕಣಗಳು ದೂರದೂರ ಇರುವಂತೆ ಆಕ್ಸೈಡ್ ಹಿಡಿದಿಡುತ್ತದೆ. ಬಹಳ ಕಾಯಿಸಿದರೆ ಮಾತ್ರ ಅವು ಬೆಲ್ಲದ ಪುಡಿಯಂತೆ ಗಂಟುಗಟ್ಟಿ, ಶಕ್ತಿ ಕುಂದುತ್ತದೆ.

ನೆನಪಿಡಿ
ಈ ಚಿನ್ನದ ಪುಡಿ ನಮ್ಮ ಮನೆಯಲ್ಲಿಲ್ಲ. ಕಿಟಕಿ ಇದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಯಾರೂ ಮಲಗಬಾರದು. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಇವತ್ತೇ ಹೋಗಿ ಹೇಳಿ. ನಮ್ಮಜ್ಜಿ ಈಗ ಕೆಂಡವನ್ನು ಅಂಗಳದಲ್ಲೇ ಇಡುತ್ತಾರೆ.

— ಹತ್ತನೇ ತರಗತಿಯ ವಿದ್ಯಾರ್ಥಿನಿ