ಹಣವಿಲ್ಲದೆ ನಡೆದ ಸಾಮ್ರಾಜ್ಯ



ಹಣದ ಪಾಠದಲ್ಲಿ ಪ್ರತಿ ವರ್ಷ ನಾನು ಹೇಳುವ ಕ್ರಮ ಒಂದೇ: ಮೊದಲು ವಸ್ತು ವಿನಿಮಯ, ನಂತರ ಅದರ ತೊಡಕುಗಳು, ಕೊನೆಗೆ ಹಣ. ಈ ಬಾರಿ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು, "ಸರ್, ಹಣವೇ ಇಲ್ಲದೆ ದೊಡ್ಡ ರಾಜ್ಯ ನಡೆದದ್ದುಂಟೇ?" ಎಂದು ಕೇಳಿದಳು. "ಸಾಧ್ಯವೇ ಇಲ್ಲ" ಎಂದುಬಿಟ್ಟೆ. ನನ್ನ ಉತ್ತರ ತಪ್ಪಾಗಿತ್ತು. ಅದನ್ನು ತಿದ್ದಲು ಈ ಬರಹ.

15ನೇ ಶತಮಾನದಲ್ಲಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಇಂಕಾ ಸಾಮ್ರಾಜ್ಯ ಬೆಳೆಯಿತು. ಇಂದಿನ ಪೆರು ದೇಶದ ಕುಸ್ಕೊ ಅದರ ರಾಜಧಾನಿ. ಅಲ್ಲಿ ನಾಣ್ಯ ಇರಲಿಲ್ಲ. ಚಿನ್ನ ಬೆಳ್ಳಿ ಇದ್ದವು. ಆದರೆ ಅವು ದೇಗುಲ, ಅರಮನೆಗಳ ಅಲಂಕಾರಕ್ಕೆ. ಊರುಗಳಲ್ಲಿ ಅಷ್ಟಿಷ್ಟು ಅದಲುಬದಲು ನಡೆಯುತ್ತಿತ್ತಾದರೂ ರಾಜ್ಯ ನಿಂತದ್ದು ಅದರ ಮೇಲಲ್ಲ.

ಹಾಗಾದರೆ ತೆರಿಗೆ? ದುಡಿಮೆಯೇ ತೆರಿಗೆ. ಕುಟುಂಬಗಳು ಸರದಿಯ ಪ್ರಕಾರ ರಾಜ್ಯದ ಹೊಲ, ರಸ್ತೆ, ಸೇತುವೆ, ಸೈನ್ಯಗಳಲ್ಲಿ ದುಡಿಯಬೇಕಿತ್ತು. ಇದಕ್ಕೆ 'ಮಿತಾ' ಎಂದು ಹೆಸರು. ದುಡಿಯುವಾಗ ಊಟ ರಾಜ್ಯದ್ದು. ಊರಿನೊಳಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವ 'ಐನಿ' ಪದ್ಧತಿ ಇತ್ತು. ನಮ್ಮ ಮಲೆನಾಡಿನ ಮುಯ್ಯಾಳಿನ ಹಾಗೆ.

ಪಠ್ಯದಲ್ಲಿ ಹೇಳುವ ಹಣದ ಕಾರ್ಯಗಳನ್ನು ಈಗ ನೆನಪಿಸಿಕೊಳ್ಳಿ. ಮೌಲ್ಯದ ಸಂಗ್ರಹ? ಬೆಟ್ಟದ ಇಳಿಜಾರಿನ ಉಗ್ರಾಣಗಳು. ಮಂತಾರೊ ಕಣಿವೆಯೊಂದರಲ್ಲೇ ಇಂಥವು 2,000ಕ್ಕೂ ಹೆಚ್ಚು ಇದ್ದವು. ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ ಒಣಗಿಸಿದ ಆಲೂಗಡ್ಡೆ ಅಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಲೆಕ್ಕ? 'ಕಿಪು' ಎಂಬ ದಾರದ ಗಂಟುಗಳು. ಗಂಟು ಇರುವ ಜಾಗದಿಂದಲೇ ಬಿಡಿ, ಹತ್ತು, ನೂರು ತಿಳಿಯುತ್ತಿತ್ತು. ಹಣ ಇರಲಿಲ್ಲ, ಆದರೆ ಹಣದ ಕೆಲಸಗಳನ್ನು ಬೇರೆ ವ್ಯವಸ್ಥೆಗಳು ಮಾಡುತ್ತಿದ್ದವು.

ಇದು ಸ್ವರ್ಗವೆಂದು ತಿಳಿಯಬೇಡಿ. ಸರದಿ ಬಂದಾಗ 'ಒಲ್ಲೆ' ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಇಡೀ ಸಮುದಾಯಗಳನ್ನೇ ಎಬ್ಬಿಸಿ ದೂರ ಕಳಿಸಿದ್ದೂ ಉಂಟು. 1532ರಲ್ಲಿ ಸ್ಪೇನಿನವರು ದೊರೆ ಅತಹುವಾಲ್ಪನನ್ನು ಸೆರೆಹಿಡಿದರು. ಮುಂದೆ ಅದೇ 'ಮಿತಾ' ಹೆಸರಿನಲ್ಲಿ ಜನರನ್ನು ಪೊಟೊಸಿಯ ಬೆಳ್ಳಿ ಗಣಿಗಳಿಗೆ ಅಟ್ಟಿದರು. ಅಲಂಕಾರಕ್ಕಿದ್ದ ಬೆಳ್ಳಿ ನಾಣ್ಯವಾಯಿತು. ಸರದಿಯ ದುಡಿಮೆ ಅನೇಕರ ಸಾವಿಗೆ ದಾರಿಯಾಯಿತು.

ಆದ್ದರಿಂದ ಹಣ ಇದೆಯೇ ಇಲ್ಲವೇ ಎಂದಷ್ಟೇ ಕೇಳಿದರೆ ಸಾಲದು. ದುಡಿದವರು ಯಾರು, ಉಗ್ರಾಣದ ಬಾಗಿಲು ಯಾರಿಗೆ ತೆರೆಯಿತು ಎಂದೂ ಕೇಳಬೇಕು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಧನ್ಯವಾದ. ಮುಂದಿನ ವರ್ಷ ಈ ಪಾಠವನ್ನು ಅವಳ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.