ಮೀನಿನ ತಾಜಾತನವೂ ಉಷ್ಣಮಾನವೂ

ಮಲ್ಪೆಯ ದಕ್ಕೆಯಲ್ಲಿ ಬೆಳಿಗ್ಗೆ ಇಳಿದ ಬಂಗಡೆಯನ್ನು ಮಧ್ಯಾಹ್ನ ಕೊಳ್ಳುವಾಗ ನಾವು ಕಿವಿರು ಎತ್ತಿ ನೋಡುತ್ತೇವೆ, ಹೊಟ್ಟೆ ಒತ್ತಿ ನೋಡುತ್ತೇವೆ. ಈ ಪರೀಕ್ಷೆ ತಪ್ಪಲ್ಲ; ಸಾಲದು, ಅಷ್ಟೆ. ಕಣ್ಣಿಗೂ ಮೂಗಿಗೂ ತಿಳಿಯುವ ಮೊದಲೇ ಮಾಂಸದೊಳಗೆ ರಾಸಾಯನಿಕ ಬದಲಾವಣೆಗಳು ಆರಂಭವಾಗಿರುತ್ತವೆ.

ಜೀವವಿರುವಾಗ ಸ್ನಾಯುಗಳಿಗೆ ಶಕ್ತಿಯೊದಗಿಸುವ ವಸ್ತು ಎ.ಟಿ.ಪಿ. ಮೀನು ಸತ್ತ ಮೇಲೆ ಅದು ಹಂತಹಂತವಾಗಿ ಒಡೆಯುತ್ತದೆ. ನಡುವೆ ಉಂಟಾಗುವ ಐನೋಸಿನ್ ಮಾನೋಫಾಸ್ಫೇಟು ಹೊಸ ಮೀನಿನ ಸವಿಗೆ ಒಂದು ಮುಖ್ಯ ಕಾರಣ. ಅದೂ ಒಡೆದು ಐನೋಸಿನ್, ಬಳಿಕ ಹೈಪೋಕ್ಸಾಂಥಿನ್ ಆದಾಗ ಸವಿ ಕುಗ್ಗಿ ಕಹಿ ಸೇರುತ್ತದೆ. ಈ ಸರಣಿಯ ಒಟ್ಟು ವಸ್ತುಗಳಲ್ಲಿ ಕೊನೆಯ ಎರಡರ ಪಾಲು ನೂರಕ್ಕೆ ಎಷ್ಟೆಂಬುದನ್ನು 1959ರಲ್ಲಿ ಜಪಾನಿನ ವಿಜ್ಞಾನಿಗಳು ತಾಜಾತನದ ಅಳತೆಯಾಗಿ ಮುಂದಿಟ್ಟರು. ಅದಕ್ಕೆ ‘ಕೆ ಮೌಲ್ಯ’ವೆಂದು ಹೆಸರು. ಅದು ಕಡಿಮೆಯಿದ್ದಷ್ಟೂ ಮೀನು ಹೊಸದು. ನಮಗೆ ಪರಿಚಿತವಾದ ದುರ್ವಾಸನೆ ಜೀವಾಣುಗಳ ಕೆಲಸ. ಅದು ಬರುವುದು ಆಮೇಲೆ.

ಇದೆಲ್ಲದರ ವೇಗ ಉಷ್ಣಮಾನವನ್ನು ಅವಲಂಬಿಸಿದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಡುವ ವೇಗವನ್ನು 1 ಎಂದಿಟ್ಟುಕೊಂಡರೆ, 5 ಡಿಗ್ರಿಯಲ್ಲಿ ಅದು ಸುಮಾರು ಎರಡೂಕಾಲು, 10 ಡಿಗ್ರಿಯಲ್ಲಿ ಸುಮಾರು 4. ನಮ್ಮ ಕರಾವಳಿಯ 30 ಡಿಗ್ರಿಯಲ್ಲಿ ಏನಾದೀತೆಂದು ಓದುಗರೇ ಊಹಿಸಬಹುದು.

ಬಂಗಡೆ, ಬೂತಾಯಿಗಳಲ್ಲಿ ಇನ್ನೊಂದು ಅಪಾಯವಿದೆ. ಅವುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೇರಳ. ಬೆಚ್ಚಗಿನ ಬುಟ್ಟಿಯಲ್ಲಿ ಕೆಲವು ಜೀವಾಣುಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಇದು ಹೆಚ್ಚಾದ ಮೀನನ್ನು ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ತುರಿಕೆ ಕಾಣಿಸಿಕೊಳ್ಳುತ್ತವೆ. ‘ಚೆನ್ನಾಗಿ ಕುದಿಸಿದರಾಯಿತು’ ಎನ್ನುವವರು ನಮ್ಮ ಮನೆಯಲ್ಲಿಯೂ ಇದ್ದಾರೆ. ಕುದಿಸಿದರೆ ಜೀವಾಣುಗಳು ಸಾಯುತ್ತವೆ, ನಿಜ. ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ. ಎಷ್ಟೋ ಸಲ ಅಂತಹ ಮೀನಿಗೆ ಕೆಟ್ಟ ವಾಸನೆಯೂ ಇರುವುದಿಲ್ಲ.

ಹಾಗಾದರೆ ಮಂಜುಗಡ್ಡೆ ಎಷ್ಟು ಬೇಕು? 10 ಕಿಲೋ ಮೀನನ್ನು 30 ಡಿಗ್ರಿಯಿಂದ 0 ಡಿಗ್ರಿಗೆ ಇಳಿಸಲು ಸುಮಾರು 240 ಕಿಲೋಕ್ಯಾಲೊರಿ ಶಾಖವನ್ನು ತೆಗೆಯಬೇಕು. 1 ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲೊರಿ ಹೀರುತ್ತದೆ. ಲೆಕ್ಕಕ್ಕೆ 3 ಕಿಲೋ ಸಾಕು. ಆದರೆ ಬಿಸಿಲು, ಗಾಳಿ, ಬುಟ್ಟಿಗಳಿಂದ ಶಾಖ ಒಳಸೇರುತ್ತಲೇ ಇರುತ್ತದೆ. ಆದ್ದರಿಂದ ನಮ್ಮಂತಹ ಸೆಕೆಯ ನಾಡಿನಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಬೇಕೆನ್ನುತ್ತಾರೆ. ಅದೂ ಮೀನು ಬಲೆಯಿಂದ ಬಂದೊಡನೆ. ಮಧ್ಯಾಹ್ನ ಹಾಕಿದ ಮಂಜುಗಡ್ಡೆ ಮುಂದಿನ ಕೇಡನ್ನು ನಿಧಾನಗೊಳಿಸೀತು. ಬೆಳಗಿನಿಂದ ಒಡೆದುದನ್ನು ಮರಳಿ ಕೂಡಿಸಲಾರದು.

ಬುಟ್ಟಿ ಹೊತ್ತು ಮನೆಮನೆಗೆ ಬರುವ ಮೀನುಗಾರ್ತಿ ಒಂದು ಹಿಡಿ ಐಸನ್ನಷ್ಟೇ ಉದುರಿಸಿರುತ್ತಾಳೆ. ಅದು ಅವಳ ಅಜ್ಞಾನವೆಂದು ನಾನು ಒಪ್ಪಲಾರೆ. ಐಸಿನ ಹಣ ಅವಳ ಆ ದಿನದ ಲಾಭದಿಂದಲೇ ಹೋಗಬೇಕು. ಹೊತ್ತ ಬುಟ್ಟಿಯೂ ಅಷ್ಟು ಭಾರವಾಗುತ್ತದೆ. ಚೌಕಾಸಿ ಮಾಡುವಾಗ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.